ಮಾಳಿಗೆಯ ಮಣ್ಣು, ಚಿತ್ತೆಯ ಮಳೆ

ಕಿರಿಯ: ಕಾಕಾ, ಪಡುವಣ ಗೋಡೆಯನ್ನು ಒಳಗಿನಿಂದಲೂ ಹೊರಗಿನಿಂದಲೂ ನೋಡಿ ಬಂದೆ. ಹೊರಮೈ ಹೊಟ್ಟೆ ಬಿಟ್ಟಿರುವುದು ನಿಜ; ಆದರೆ ಒಳಮೈ ತೂಗುಗುಂಡಿಗೆ ಸರಿಯಾಗಿ ನಿಂತಿದೆ, ಕಂಬಗಳಾಗಲಿ ತೊಲೆಗಳಾಗಲಿ ಎಳ್ಳಷ್ಟೂ ಅಲುಗಿಲ್ಲ. ಇಷ್ಟಕ್ಕೆ ಇಡೀ ವಾಡೆಯನ್ನೇ ಕೆಡವಿ ಸಿಮೆಂಟಿನ ಮನೆ ಕಟ್ಟಿಸಬೇಕೆಂದು ತಾವು ನಿಶ್ಚಯಿಸಿದ್ದೀರೆಂಬ ಮಾತು ಪುಣೆಯವರೆಗೆ ಬಂದು ತಲುಪಿದಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ.

ಹಿರಿಯರು: ನಿನಗೆ ಮನೆಯ ಮೇಲೆ ಅಭಿಮಾನವಿರುವುದು ನನಗೆ ಸಂತೋಷವೇ, ತಮ್ಮಾ. ಆದರೆ 1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಹಿಂದಿನ ದಿನ ಅನಂತ ಚತುರ್ದಶಿಯ ಗಣಪತಿಯನ್ನು ಕಳುಹಿಸಿ ಬಂದು ದಣಿದು ಮಲಗಿದ್ದ ಜನರ ಮೇಲೆ, ಕಿಲ್ಲಾರಿಯಲ್ಲಿಯೂ ಆಗ ನಮ್ಮ ಉಮರಗಾ ತಾಲೂಕಿಗೇ ಸೇರಿದ್ದ ಸಾಸ್ತೂರಿನಲ್ಲಿಯೂ ಇಂಥವೇ ಗೋಡೆಗಳು, ಇಂಥವೇ ಮಾಳಿಗೆಗಳು ಭೂಕಂಪಕ್ಕೆ ಕುಸಿದು ಬಿದ್ದುವು. ಸತ್ತವರು ಹತ್ತು ಸಾವಿರದ ಸಮೀಪ. ಅಂದು ಮಧ್ಯಾಹ್ನ ಸಾಸ್ತೂರಿಗೆ ಹೋದವರಲ್ಲಿ ನಾನೊಬ್ಬ. ಕಲ್ಲನ್ನು ಸರಿಸಿದರೆ ಮಣ್ಣು, ಮಣ್ಣನ್ನು ತೋಡಿದರೆ ಮತ್ತೆ ಕಲ್ಲು; ಮುಂದೆ ಮಳೆಯೂ ಹಿಡಿದುಕೊಂಡು ಆ ಮಣ್ಣೆಲ್ಲ ಕೆಸರಾಗಿ, ಹಾರೆ-ಸಲಿಕೆಗಳಿಗೂ ಬಗ್ಗದಂತಾಯಿತು. ಅಂದಿನಿಂದ ಈ ಮಾಳಿಗೆಯ ಕೆಳಗೆ ನಾನು ಮಲಗಿದ್ದೇನೆಯೇ ಹೊರತು ನಿಶ್ಚಿಂತೆಯಿಂದ ಮಲಗಿದ್ದಿಲ್ಲ. ಈಗ ಮಳೆಯೂ ಗೋಡೆಯನ್ನು ತಿನ್ನತೊಡಗಿದ ಮೇಲೆ ಇದನ್ನು ಉಳಿಸಿಕೊಳ್ಳುವುದು ವಿವೇಕವೋ ಅವಿವೇಕವೋ, ಓದಿದವನಾದ ನೀನೇ ಹೇಳು.

ಕಿರಿಯ: ತಾವು ಕಂಡುದನ್ನು ನಾನು ಕಾಣಲಿಲ್ಲ; ಆದಕಾರಣ ಆ ದುಃಖದ ವಿಷಯದಲ್ಲಿ ತಮಗೆ ಎದುರಾಡುವ ಅಧಿಕಾರ ನನಗಿಲ್ಲ. ಆದರೂ ಆ ರಾತ್ರಿ ಅಷ್ಟು ಜೀವಗಳು ಹೋದುದು ಯಾತರಿಂದ ಎಂಬುದನ್ನು ಪರಿಶೀಲಿಸಿದವರ ಅಭಿಪ್ರಾಯ ಒಂದೇ ತೆರನಾಗಿದೆ. ನಮ್ಮ ಗೋಡೆಗಳಿಗೆ ಒಳಗೊಂದು ಹೊರಗೊಂದು ಮೈ. ಎರಡರ ನಡುವೆ ಚೂರುಗಲ್ಲನ್ನು ತುಂಬಿ ಕೆಸರು ಸುರಿದಿರುತ್ತಾರೆ. ಎರಡೂ ಮೈಗಳನ್ನು ಅಡ್ಡಲಾಗಿ ಹಿಡಿದು ನಿಲ್ಲುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಆ ಗೋಡೆಗಳು ಹಾಗೆ ಸೀಳಿಹೋಗುತ್ತಿರಲಿಲ್ಲ. ಅದಕ್ಕೂ ಹೆಚ್ಚಾಗಿ, ಮಾಳಿಗೆಯ ಮೇಲೆ ಅಡಿಗಟ್ಟಲೆ ಮಣ್ಣಿತ್ತು. ಎರಡಡಿ ದಪ್ಪದ ಮಣ್ಣೆಂದರೆ ಚದರ ಮೀಟರಿಗೆ ಸುಮಾರು ಒಂದು ಟನ್ನು ಭಾರ. ನೆನೆದರೆ ಇನ್ನೂ ಹೆಚ್ಚು. ಗೋಡೆಗಳು ಕೆಳಗುರುಳಿದ ಮೇಲೂ ಅನೇಕ ಮನೆಗಳಲ್ಲಿ ಕಂಬ-ತೊಲೆಗಳ ಚೌಕಟ್ಟು ನಿಂತೇ ಇತ್ತೆಂದು ಕೇಳಿದ್ದೇನೆ.

ಹಿರಿಯರು: ಅದು ನಾನೂ ಕಣ್ಣಾರೆ ಕಂಡ ಸಂಗತಿ. ಸುತ್ತಲೂ ಕಲ್ಲಿನ ರಾಶಿ, ನಡುವೆ ನಾಲ್ಕು ಅಂಕಣದ ಕಂಬಗಳು. ಆದರೆ ಮಾಳಿಗೆಯ ಮೇಲೆ ಎರಡಡಿ ಮಣ್ಣು ಒಂದೇ ದಿನದಲ್ಲಿ ಏರಿದ್ದೆಂದು ತಿಳಿಯಬೇಡ. ನನ್ನ ಅಜ್ಜನ ಕಾಲದಲ್ಲಿ ಅದಕ್ಕೊಂದು ಕ್ರಮವಿತ್ತು. ಜಂತಿಗಳ ಮೇಲೆ ಕಟ್ಟಿಗೆಯ ಚಕ್ಕೆ, ಚಕ್ಕೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ನಾದಿ ಹದಗೊಳಿಸಿದ ಮಣ್ಣು, ಎಲ್ಲಕ್ಕೂ ಮೇಲೆ ನಾಲ್ಕು ಬೆರಳು ಸೌಳುಮಣ್ಣು. ಸೌಳಿನಲ್ಲಿ ಹುಲ್ಲು ಹುಟ್ಟದು. ಹನಿ ಬಿದ್ದೊಡನೆ ಮೈ ಬಿಗಿದುಕೊಂಡು ನೀರನ್ನು ಒಳಗೆ ಬಿಡದು. ಹೋಳಿ ಹುಣ್ಣಿಮೆ ಕಳೆದು, ಜೋಳದ ರಾಶಿ ಮುಗಿದು, ಎತ್ತುಗಳೂ ಆಳುಗಳೂ ಬಿಡುವಾದ ಹೊತ್ತಿನಲ್ಲಿ, ರೋಹಿಣಿ ಹುಟ್ಟುವುದಕ್ಕಿಂತ ಮುಂಚೆ, ಮನೆಯ ಗಂಡಸರು ಮಾಳಿಗೆ ಹತ್ತಿ ಹಳೆಯ ಪದರನ್ನು ಕೆರೆದು ಕೆಳಗಿಳಿಸುತ್ತಿದ್ದರು; ಹೆಂಗಸರು ಕುಂಬಿಯ ಬುಡದ ಬಿರುಕುಗಳನ್ನು ಸೆಗಣಿ ಬೆರೆಸಿದ ಮಣ್ಣಿನಿಂದ ಮೆತ್ತುತ್ತಿದ್ದರು; ದೋಣಿಯ ಬಾಯಿಯ ಕಡೆಗೆ ಇಳಿಜಾರನ್ನು ಸರಿಪಡಿಸಿ, ಹೊಸ ಸೌಳನ್ನು ಹರಡಿ, ಮರದ ಕೊರಡಿನಿಂದ ಬಡಿದು ಬಡಿದು ಕೂರಿಸುತ್ತಿದ್ದರು. ಮಿರಗದ ಮೊದಲ ಮಳೆ ಹದವಾಗಿ ಬಂದು ಆ ಮಣ್ಣಿನ ಮೈಯನ್ನು ಒಂದುಗೂಡಿಸಿ ಹೋಗುವುದು. ಆರಿದ್ರೆ ಬರುವಷ್ಟರಲ್ಲಿ ಮಾಳಿಗೆ ಎಂಥ ಮಳೆಗೂ ಸಿದ್ಧ. ಮುಂದೆ ಆಳುಗಳು ಸೊಲ್ಲಾಪುರ, ಪುಣೆ, ಹೈದರಾಬಾದುಗಳ ದಾರಿ ಹಿಡಿದ ಮೇಲೆ ಕೆರೆದು ಇಳಿಸುವ ಶ್ರಮ ನಿಂತಿತು, ಸೋರಿದ ಕಡೆ ಇನ್ನೆರಡು ಬುಟ್ಟಿ ಸುರಿಯುವ ಸುಲಭೋಪಾಯವಷ್ಟೇ ಉಳಿಯಿತು. ವರ್ಷಕ್ಕೆ ಎರಡು ಬೆರಳು ಏರಿದರೂ ಒಂದು ತಲೆಮಾರಿಗೆ ಎಷ್ಟಾಯಿತು?

ಕಿರಿಯ: ಈಗ ತಾವು ಹೇಳಿದುದರಲ್ಲಿಯೇ ನನ್ನ ವಾದದ ಬೀಜವಿದೆ, ಕಾಕಾ. ಈ ಮನೆಯೆಂಬುದು ಒಮ್ಮೆ ಕಟ್ಟಿ ಕೈತೊಳೆದುಕೊಂಡ ವಸ್ತುವಾಗಿರದೆ, ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಕಟ್ಟಲ್ಪಡುತ್ತ ಬಂದ ವಸ್ತು; ಆ ಪುನಾರಚನೆಗೆ ಆಧಾರವಾಗಿದ್ದುದು ಮಳೆನಕ್ಷತ್ರಗಳ ಕ್ರಮ. ಆ ಕ್ರಮವೇ ಈಗ ಕೆಟ್ಟಿದೆ. 2014ರ ಫೆಬ್ರುವರಿಯ ಕೊನೆಯಿಂದ ಮಾರ್ಚಿನ ನಡುವಿನವರೆಗೆ, ಮಾಳಿಗೆ ಕೆರೆಯಬೇಕಾದ ಕಾಲ ಸಮೀಪಿಸಿದಾಗ, ಮರಾಠವಾಡೆಯ ಮೇಲೆ ಆಲಿಕಲ್ಲು ಬಿದ್ದು ಹೊಲದ ಪೈರೂ ಮನೆಯ ಮಾಡೂ ಒಟ್ಟಿಗೆ ಹಾಳಾದುವು. ಆಮೇಲೆ ಬಂದ ಬರದಲ್ಲಿ ಲಾತೂರಿಗೆ ಕುಡಿಯುವ ನೀರನ್ನು 2016ರ ಏಪ್ರಿಲಿನಲ್ಲಿ ಮಿರಜದಿಂದ ರೈಲಿನಲ್ಲಿ ತರಬೇಕಾಯಿತು. 2020ರ ಅಕ್ಟೋಬರಿನ ನಡುವೆ, ಮಳೆ ಹಿಂದಿರುಗಬೇಕಾದ ಚಿತ್ತೆಯಲ್ಲಿ, ಬಂಗಾಳ ಉಪಸಾಗರದಿಂದ ಬಂದ ವಾಯುಭಾರಕುಸಿತ ತೆಲಂಗಾಣವನ್ನು ದಾಟಿ ನಮ್ಮ ಮೇಲೆಯೇ ಹಾದುಹೋಯಿತು. ಮರುವರ್ಷ ಸೆಪ್ಟೆಂಬರಿನ ಕೊನೆಗೆ ಗುಲಾಬ್ ಚಂಡಮಾರುತದ ಶೇಷ ಬಂದಾಗ ಮಾಂಜರಾ ಜಲಾಶಯದ ಬಾಗಿಲುಗಳನ್ನು ತೆರೆಯಬೇಕಾಯಿತು. 2025ರ ಸೆಪ್ಟೆಂಬರಿನ ಪ್ರವಾಹಗಳನ್ನಂತೂ ತಮಗೆ ನೆನಪಿಸಬೇಕಾಗಿಲ್ಲ.

ಹಿರಿಯರು: ನೆನಪಿಸಬೇಕಾಗಿಲ್ಲ. ಆದರೆ ಬರವಾಗಲಿ ಅತಿವೃಷ್ಟಿಯಾಗಲಿ ನಮ್ಮ ಸೀಮೆಗೆ ಹೊಸತೆಂದು ನಾನು ಒಪ್ಪಲಾರೆ. 1972ರ ಬರದಲ್ಲಿ ಈ ಊರಿನ ಒಕ್ಕಲಿಗರೆಲ್ಲ ಖಡಿ ಒಡೆಯುವ ಕೆಲಸಕ್ಕೆ ಹೋದರು; ಕೈತುಂಬ ಹೊಲವಿದ್ದವರೂ ಹೋದರು. ಆಕಾಶ ಆಗಲೂ ಕೈಕೊಟ್ಟಿತ್ತು. ಮನೆಗಳು ಮಾತ್ರ ಬೀಳಲಿಲ್ಲ.

ಕಿರಿಯ: ಬೀಳಲಿಲ್ಲವೇಕೆಂದರೆ ಬರದ ಬೆನ್ನಿಗೇ ಇಂಥ ಮಳೆ ಇಷ್ಟು ಬೇಗ ಬೇಗ ಬರುತ್ತಿರಲಿಲ್ಲ, ಬಂದರೂ ಮಾಳಿಗೆ ಹತ್ತುವ ಕೈಗಳಿದ್ದುವು. ಗಾಳಿ ಒಂದು ಡಿಗ್ರಿ ಬಿಸಿಯೇರಿದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಸುರಿದಾಗ ಒಮ್ಮೆಲೇ ಸುರಿಯುವುದಕ್ಕೆ ಇದೊಂದು ಕಾರಣ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತಮ್ಮ ಸಂಗಡಿಗರೊಡನೆ 1950ರಿಂದ 2015ರವರೆಗಿನ ಮಳೆಯ ಲೆಕ್ಕವನ್ನು ಪರಿಶೋಧಿಸಿ, ಮಧ್ಯಭಾರತದಲ್ಲಿ ವಿಸ್ತಾರವಾದ ಪ್ರದೇಶವನ್ನು ಒಮ್ಮೆಗೇ ಆವರಿಸುವ ಅತಿವೃಷ್ಟಿಗಳು ಮೂರುಪಟ್ಟಾಗಿವೆಯೆಂದು ತೋರಿಸಿದ್ದಾರೆ. ನಮ್ಮ ಪಡುವಣ ಗೋಡೆಯ ಬುಡದಲ್ಲಿಯೇ ಈ ವಿಪರ್ಯಾಸದ ಫಲವನ್ನು ನೋಡಬಹುದು. ಎರೆಮಣ್ಣು ಬರದಲ್ಲಿ ಬಾಯಿಬಿಡುತ್ತದೆ. ಆ ಬಿರುಕು ಅಡಿಪಾಯದ ಕೆಳಗೂ ಹರಿದು, ಮೂಲೆಯ ಕಲ್ಲು ಒಂದು ಬೆರಳು ಕುಸಿದಿದೆ. ತರುವಾಯ ಸುರಿದ ಮಳೆ ಆ ಬಿರುಕಿನಲ್ಲಿಯೇ ಇಳಿದು ಮಣ್ಣನ್ನು ಉಬ್ಬಿಸಿ ಕಲ್ಲನ್ನು ಮೇಲೆತ್ತಿದೆ. ಇತ್ತ ಮಾಳಿಗೆಯ ದೋಣಿ ಮುರಿದಿರುವುದರಿಂದ ನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿದು, ಎರಡು ಮೈಗಳ ನಡುವಿನ ಕೆಸರನ್ನು ತೊಳೆದುಕೊಂಡು ಕೆಳಗೆ ಬಂದಿದೆ. ಗೋಡೆಯ ಕಾಲಬಳಿ, ಅಂಗೈಯಷ್ಟು ಅಗಲದ ಕಡೆ, ಕಲ್ಲಿನ ಸಂದಿಯಿಂದ ನಸುಬಿಳಿಯ ಮಣ್ಣು ಹರಿದು ಒಣಗಿ ಪದರುಗಟ್ಟಿರುವುದನ್ನು ಬೆರಳಿನಿಂದ ಕೆದಕಿ ನೋಡಿದೆ; ಅದು ಗೋಡೆಯ ಒಳಗಿದ್ದ ಮಣ್ಣು. ಹೊರಮೈ ಹೊಟ್ಟೆ ಬಿಟ್ಟುದು ಈ ಕಾರಣದಿಂದ.

ಹಿರಿಯರು: ನೀನು ಗೋಡೆಯನ್ನು ನೋಡಿದೆ, ಪಡಸಾಲೆಯ ಮುಂದಿನ ಹಗೇವನ್ನು ನೋಡಲಿಲ್ಲ. ನಮ್ಮಪ್ಪ ಅದರಲ್ಲಿ ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣಿನಿಂದ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಒಂದು ಕಾಳೂ ಕೆಡುತ್ತಿರಲಿಲ್ಲ. ತೆರೆದ ದಿನ ಒಳಗಿನ ಬಿಸಿಗಾಳಿ ಹೊರಹೋಗುವವರೆಗೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. 2020ರ ಆ ಚಿತ್ತೆಯ ಮಳೆಯಲ್ಲಿ ನೆಲದೊಳಗಿನಿಂದ ನೀರು ಒಸರಿ ಹಗೇವಿನ ಗೋಡೆ ಒಳಕ್ಕೆ ಕುಸಿಯಿತು. ಆಗಲೇ ಅದರಲ್ಲಿ ಜೋಳವಿರಲಿಲ್ಲವೆಂಬುದು ಬೇರೆ ಮಾತು, ಹೊಲವೆಲ್ಲ ಸೋಯಾಬೀನಾಗಿತ್ತು. ಇದೇ ಸಂಕಟ ಹೊರದೇಶಗಳಲ್ಲಿಯೂ ಇದೆಯೆಂದು ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ಅದೇನು?

ಕಿರಿಯ: ಚೀನಾ ದೇಶದ ಮಾತು. ಅಲ್ಲಿಯ ಷಾನ್ಸಿ ಪ್ರಾಂತವೂ ನಮ್ಮಂತೆಯೇ ಒಣಸೀಮೆ. ಮಣ್ಣಿನ ಗೋಡೆ, ಮರದ ಚೌಕಟ್ಟು, ಹಳೆಯ ಊರುಗಳು. 2021ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿದ ಮೇಲೆ, ಅಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಪಿಂಗ್ಯಾವ್ ಎಂಬ ಪ್ರಾಚೀನ ನಗರದ ಕೋಟೆಗೋಡೆಯ ಇಪ್ಪತ್ತೈದು ಮೀಟರ್ ಭಾಗ ಕುಸಿಯಿತು. ಪ್ರಾಂತದಲ್ಲೆಲ್ಲ ಒಟ್ಟಿಗೆ ಸಾವಿರದ ಏಳುನೂರಕ್ಕೂ ಹೆಚ್ಚು ಪುರಾತನ ಸ್ಥಾನಗಳಿಗೆ ಹಾನಿ ತಗಲಿತು. ದಕ್ಷಿಣದ ಹ್ವಾಂಗ್‌ಷಾನ್ ಸೀಮೆಯ ತುನ್ಶಿ ಪಟ್ಟಣದಲ್ಲಿ 1536ರಲ್ಲಿ ಕಟ್ಟಿದ ಕಲ್ಲಿನ ಸೇತುವೆ 2020ರ ಜುಲೈ 7ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆದರೆ ನನಗೆ ಬಹು ಮುಖ್ಯವಾಗಿ ತೋರಿದುದು ತಾಯ್ಷುನ್ ಎಂಬ ಬೆಟ್ಟದ ಸೀಮೆಯ ಕಥೆ. ಅಲ್ಲಿ ಮೊಳೆಯ ಸಹಾಯವಿಲ್ಲದೆ ತೊಲೆಗೆ ತೊಲೆ ಹೆಣೆದು, ಮೇಲೆ ಮಾಡು ಹೊದಿಸಿ ಕಟ್ಟಿದ ಮರದ ಕಮಾನುಸೇತುವೆಗಳಿವೆ. 2016ರ ಸೆಪ್ಟೆಂಬರಿನಲ್ಲಿ ಬಂದ ಚಂಡಮಾರುತ ಅವುಗಳಲ್ಲಿ ಮೂರನ್ನು ಒಂದೇ ದಿನ ಕೊಚ್ಚಿಕೊಂಡು ಹೋಯಿತು. ಊರವರು ಹೊಳೆಯ ದಂಡೆಯುದ್ದಕ್ಕೂ ನಡೆದು, ಹೊಲಗಳಲ್ಲಿಯೂ ಮರಳಿನಲ್ಲಿಯೂ ಸಿಕ್ಕಿಕೊಂಡಿದ್ದ ತೊಲೆಗಳನ್ನು ಹುಡುಕಿ ಹೊತ್ತುತಂದರು. ಆ ಸೀಮೆಯ ಬಡಿಗರೇ ಅವನ್ನು ಮತ್ತೆ ಹೆಣೆದು ಸೇತುವೆಗಳನ್ನು ನಿಲ್ಲಿಸಿದರು. ಅವರ ಆ ವಿದ್ಯೆ ನಶಿಸುವ ಸ್ಥಿತಿಯಲ್ಲಿದೆಯೆಂದು 2009ರಲ್ಲಿಯೇ ಯುನೆಸ್ಕೊ ಸಂಸ್ಥೆ ಅದನ್ನು ತುರ್ತಾಗಿ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತ್ತು. ತೊಲೆಗಳು ಸಿಕ್ಕು, ಬಡಿಗರು ಇಲ್ಲದೆ ಹೋಗಿದ್ದರೆ ಅವು ಸೌದೆಯಾಗುತ್ತಿದ್ದುವು.

ಹಿರಿಯರು: ಸೇತುವೆಗೆ ಪಟ್ಟಿಯುಂಟು, ನಗರಕ್ಕೆ ಪಟ್ಟಿಯುಂಟು. ಹಳ್ಳಿಗೆ?

ಕಿರಿಯ: ಹಳ್ಳಿಗೂ ಉಂಟು. ಚೀನಾದ ಸರಕಾರ 2012ರಿಂದ ಪರಂಪರಾಗತ ಗ್ರಾಮಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಮಾಡುತ್ತ ಬಂದಿದೆ. 2023ರ ವೇಳೆಗೆ ಅದರಲ್ಲಿ 8,155 ಗ್ರಾಮಗಳಿದ್ದುವು. ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಮಳೆ ತಪ್ಪುವುದಿಲ್ಲ. ಆದರೆ ಯಾವ ಊರಿನಲ್ಲಿ ಏನಿತ್ತೆಂಬುದಾದರೂ ಬಿದ್ದ ಮೇಲೆ ತಿಳಿಯುತ್ತದೆ. ನಮ್ಮಲ್ಲಿ ಕಾನೂನಿನ ಕಣ್ಣು ಕೋಟೆ, ಗುಡಿ, ಗುಹೆಗಳನ್ನು ದಾಟಿ ಊರಿನೊಳಗೆ ಬರುವುದು ಬಹು ಅಪರೂಪ.

ಹಿರಿಯರು: ಕೋಟೆ, ಗುಡಿ, ಗುಹೆಗಳೇನು ಸಾಮಾನ್ಯವೇ? ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು ಕರೆದುಕೊಂಡ ಲಟ್ಟಲೂರು ಇಂದಿನ ಲಾತೂರೇ; ಚಾಲುಕ್ಯರ ಕಲ್ಯಾಣ ನಮ್ಮ ಉಮರಗಾದಿಂದ ಹೆದ್ದಾರಿ ಹಿಡಿದು ಹೊರಟರೆ ದೂರವೇನೂ ಇಲ್ಲ. ಉದಗೀರ, ನಿಲಂಗಾಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದುವು. ಉದಗೀರದ ಕೋಟೆಯ ಹೆಸರನ್ನು ಕೇಳಿದೊಡನೆ ಎಲ್ಲರೂ 1760ರ ಫೆಬ್ರುವರಿಯಲ್ಲಿ ಸದಾಶಿವರಾವ ಭಾವೂ ನಿಜಾಮನನ್ನು ಸೋಲಿಸಿದ ಯುದ್ಧವನ್ನು ನೆನೆಯುತ್ತಾರೆ. ನಿಲಂಗಾದ ನೀಲಕಂಠೇಶ್ವರನ ಗುಡಿಯಲ್ಲಿ ಹರಗೌರಿಯ ಶಿಲ್ಪವನ್ನು ನೋಡಿದವನು ಅದನ್ನು ಮರೆಯಲಾರ. ಖರೋಸೆಯ ಗುಹೆಗಳನ್ನು ನಾನು ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಅಲ್ಲಿಯದು ಜಂಬಿಟ್ಟಿಗೆಯ ಬೆಟ್ಟ. ರಂಧ್ರಮಯವಾದ ಆ ಕಲ್ಲು ನೀರು ಕುಡಿಯುತ್ತದೆ, ಒಣಗುತ್ತದೆ, ಪುಡಿಯಾಗುತ್ತದೆ. ಮೂರ್ತಿಗಳ ಮುಖಗಳು ಸವೆದು, ಇದು ಯಾವ ದೇವರೆಂದು ಹುಡುಗರು ಕೇಳಿದರೆ ಆಯುಧವನ್ನೋ ಕಾಲಿನ ಭಂಗಿಯನ್ನೋ ನೋಡಿ ಹೇಳಬೇಕಾಗುತ್ತಿತ್ತು.

ಕಿರಿಯ: ಅವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಕೋಟೆಯ ಸುತ್ತ ಊರಿತ್ತು, ಗುಡಿಯ ಸುತ್ತ ಕೇರಿಯಿತ್ತು; ಅಗಸಿ, ಹುಡೇವು, ಮೆಟ್ಟಿಲಬಾವಿ, ಚೌಕದ ವಾಡೆ, ಬಡವನ ಎರಡಂಕಣದ ಮಾಳಿಗೆ, ಎಲ್ಲ ಸೇರಿ ಒಂದು ಊರು. ಭೂಕಂಪದ ತರುವಾಯ ಐವತ್ತೆರಡು ಗ್ರಾಮಗಳನ್ನು ಸಂಪೂರ್ಣವಾಗಿ ಬೇರೆಡೆಗೆ ಸ್ಥಳಾಂತರಿಸಿದರು. ಹೊಸ ಊರುಗಳಲ್ಲಿ ನೇರವಾದ ಅಗಲ ರಸ್ತೆಗಳುಂಟು, ಸಾಲುಮನೆಗಳುಂಟು. ಪ್ರಾಣರಕ್ಷಣೆಯ ದೃಷ್ಟಿಯಿಂದ ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಉಳಿದ ನೂರಾರು ಹಳ್ಳಿಗಳಲ್ಲಿ ಹಳೆಯ ಮನೆಯನ್ನು ಬಲಪಡಿಸುವ ವಿಧಾನವನ್ನು ತಜ್ಞರು ಆಗಲೇ ಬರೆದಿಟ್ಟಿದ್ದರು: ಮಾಳಿಗೆಯ ಮಣ್ಣನ್ನು ತೆಳುಮಾಡಿ, ಗೋಡೆಗೆ ಅಡ್ಡಗಲ್ಲು ಕೂರಿಸಿ, ಕಂಬಕ್ಕೂ ತೊಲೆಗೂ ಓರೆಯಾಗಿ ಆನಿಕೆ ಕೊಡಬೇಕೆಂದು. ಜನರಿಗೆ ಕಲ್ಲಿನ ಮೇಲೆ ಹುಟ್ಟಿದ ಭಯದ ಎದುರಿಗೆ ಆ ಮಾತು ನಿಲ್ಲಲಿಲ್ಲ. ಎಲ್ಲರೂ ತಗಡು ಹಾಕಿಕೊಂಡರು.

ಹಿರಿಯರು: ತಗಡಿನ ಸುಖವನ್ನು ನಿನ್ನ ಕಾಕುವನ್ನು ಕೇಳು. ಹಿತ್ತಲ ಕಡೆ ಹಾಕಿಸಿದ ತಗಡಿನ ಕೋಣೆಯಲ್ಲಿ ವೈಶಾಖದ ಮಧ್ಯಾಹ್ನ ಅವಳು ಒಂದು ಗಳಿಗೆ ಕೂರಲಾರಳು. ನಲವತ್ತೆರಡು ಡಿಗ್ರಿಯ ಬಿಸಿಲಿನಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಈ ಪಡಸಾಲೆಗೇ ಬರುತ್ತಾಳೆ. ಈ ಗೋಡೆ, ಈ ಮಾಳಿಗೆ ತಂಪಾಗಿರುವುದು ದಪ್ಪದಿಂದ. ಕೊಲ್ಲುವುದೂ ಅದೇ ದಪ್ಪದಿಂದ. ಇದನ್ನು ನೀನು ಹೇಗೆ ಬಗೆಹರಿಸುತ್ತೀಯೆ?

ಕಿರಿಯ: ಗೋಡೆಯ ದಪ್ಪ ಇರಲಿ, ಮಾಳಿಗೆಯದು ಇಳಿಯಲಿ. ಎಂಟು ಅಂಗುಲ ಹದವಾದ ಮಣ್ಣು, ಅದರ ಮೇಲೆ ಸೌಳು, ಸರಿಯಾದ ಇಳಿಜಾರು, ಗಟ್ಟಿಯಾದ ದೋಣಿ: ಇಷ್ಟಿದ್ದರೆ ಬಿಸಿಲನ್ನೂ ತಡೆಯುತ್ತದೆ, ಭಾರವೂ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ತಮ್ಮ ಅಜ್ಜನ ಕಾಲದಲ್ಲಿ ಇದ್ದುದೂ ಹೆಚ್ಚುಕಡಿಮೆ ಇಷ್ಟೇ. ಆದರೆ ದಿಢೀರನೆ ಸುರಿಯುವ ಈಗಿನ ಮಳೆಗೆ ಆ ಕಾಲದ ಒಂದು ದೋಣಿ ಸಾಲದು. ಎರಡೋ ಮೂರೋ ಬೇಕು, ಅವುಗಳ ನೀರು ಗೋಡೆಯ ಬುಡದಲ್ಲಿ ಬೀಳದೆ ಕಲ್ಲು ಹಾಸಿದ ಕಾಲುವೆಗೆ ಬೀಳಬೇಕು. ಮಿರಗದ ಸಣ್ಣ ಮಳೆ ಬಂದು ಮಣ್ಣನ್ನು ಕೂರಿಸುವುದೆಂದು ಕಾಯದೆ, ನಾವೇ ನೀರು ಚಿಮುಕಿಸಿ ಬಡಿದು ಕೂರಿಸಬೇಕು. ಚಿತ್ತೆಯ ಮಳೆಗಾಗಿ ದಸರೆಗೆ ಮುಂಚೆ ಇನ್ನೊಮ್ಮೆ ಮಾಳಿಗೆ ಹತ್ತಿ ನೋಡಬೇಕು.

ಹಿರಿಯರು: ಮಣ್ಣನ್ನು ಎಲ್ಲಿಂದ ತರುತ್ತೀಯೆ? ನಿನ್ನ ಪ್ರಾಯದವರಿಗೆ ಹೊಳೆಯದ ಪ್ರಶ್ನೆ ಇದು. ಈ ಸೀಮೆಯಲ್ಲಿ ಮನೆಗೆ ಬೇಕಾದ ಬಿಳಿಮಣ್ಣನ್ನು ತಂದುದು ಹಾಳುಬಿದ್ದ ಗಢಿಗಳಿಂದ, ಹಳೆಯ ಊರುಗಳ ದಿಬ್ಬಗಳಿಂದ. ನಮ್ಮೂರ ಗಢಿಯ ಬಡಗಣ ಹುಡೇವು ನಾನು ಚಿಕ್ಕವನಿದ್ದಾಗ ಎರಡಾಳೆತ್ತರ ಇತ್ತು. ಬುಟ್ಟಿ ಬುಟ್ಟಿಯಾಗಿ ಅಗೆದು ಒಯ್ದು ಈಗ ಅದೊಂದು ತಗ್ಗು. ಅಗೆದ ಮಗ್ಗುಲಿಗೆ ಮಳೆಯ ನೀರು ಹೊಕ್ಕು ಉಳಿದುದೂ ಕುಸಿಯುತ್ತಿದೆ. ಒಂದು ಹಳೆಯ ಮನೆಯನ್ನು ಉಳಿಸಲು ಇನ್ನೊಂದು ಹಳೆಯ ಕೋಟೆಯನ್ನು ತಿನ್ನುವುದು ನ್ಯಾಯವೇ?

ಕಿರಿಯ: ನ್ಯಾಯವಲ್ಲ. ಆದರೆ ನಮ್ಮ ಮಾಳಿಗೆಯ ಮೇಲೆಯೇ ಎರಡಡಿ ಮಣ್ಣಿದೆ, ಕಾಕಾ. ಅದರಲ್ಲಿ ಹದವಾದುದನ್ನು ಜರಡಿ ಹಿಡಿದು ಮತ್ತೆ ಬಳಸಿದರೆ ಗಢಿಗೆ ಒಂದು ಗುದ್ದಲಿಯೂ ತಾಗಬೇಕಾಗಿಲ್ಲ. ಮಿಕ್ಕುದು ನೆರೆಯ ಎರಡು ಮನೆಗಳಿಗೂ ಸಾಕಾಗುತ್ತದೆ. ಊರಿನ ಪ್ರತಿಯೊಂದು ಮಾಳಿಗೆಯ ಮೇಲೂ ಹೀಗೆ ಬೇಡದ ಮಣ್ಣು ಕೂತಿದೆ. ಕೊರತೆಯಿರುವುದು ಕೈಗಳಿಗೆ. 1972ರ ಬರದಿಂದಲೇ ಅಲ್ಲವೇ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಯೋಜನೆ ಬೆಳೆದುದು? ಖಡಿ ಒಡೆಯುವುದಕ್ಕೆ ಕೂಲಿ ಕೊಟ್ಟ ಸರಕಾರ, ಚೈತ್ರ-ವೈಶಾಖಗಳಲ್ಲಿ ಮಾಳಿಗೆ ಇಳಿಸುವುದಕ್ಕೆ, ಬಾವಿಯ ಮೆಟ್ಟಿಲು ಕೂರಿಸುವುದಕ್ಕೆ, ಗಢಿಯ ಮಗ್ಗುಲಿಗೆ ಒಡ್ಡು ಹಾಕುವುದಕ್ಕೆ ಏಕೆ ಕೊಡಬಾರದು? ಊರಿನಲ್ಲಿ ಉಳಿದಿರುವ ಗೌಂಡಿಗಳೂ ಕಲ್ಲುಕೆಲಸದ ಒಡ್ಡರೂ ಅರವತ್ತು ದಾಟಿದವರು; ಅವರ ಕೈಕೆಳಗೆ ಇಪ್ಪತ್ತರ ಹುಡುಗರು ಎರಡು ಬೇಸಗೆ ದುಡಿದರೆ ವಿದ್ಯೆ ಉಳಿಯುತ್ತದೆ. ಗ್ರಾಮಸಭೆಯಲ್ಲಿ ಈ ಮಾತನ್ನು ನಾನು ಆಡಿದರೆ ಪುಣೆಯವನ ಮಾತಾಗುತ್ತದೆ. ತಾವು ಆಡಿದರೆ, ಸಾಸ್ತೂರಿನಲ್ಲಿ ಮಣ್ಣು ತೋಡಿದವರ ಮಾತಾಗುತ್ತದೆ.

ಹಿರಿಯರು: ಆಡುತ್ತೇನೆ. ಆದರೆ ಮೊದಲು ನನ್ನ ಮನೆಯಲ್ಲಿ ಮಾಡಿ ತೋರಿಸದೆ ಆಡಲಾರೆ. ಮಾಳಿಗೆಯ ಕೆಳಗೆ ಮಲಗಿರೆಂದು ಆ ಊರುಗಳ ಜನಕ್ಕೆ ಹೇಳುವುದು ಹುಡುಗಾಟವಲ್ಲ. ಎರಡು ಷರತ್ತುಗಳುಂಟು. ಹೊರಮೈಯನ್ನು ಬುಡದವರೆಗೆ ಬಿಚ್ಚಿ, ಪ್ರತಿ ಮೂರನೆಯ ವರಸೆಗೆ ಅಡ್ಡಗಲ್ಲು ಕೂರಿಸಿಯೇ ಮತ್ತೆ ಕಟ್ಟಬೇಕು. ಗೌಂಡಿ ಬೇಸರಪಟ್ಟುಕೊಂಡರೂ ಒಂದನ್ನೂ ಬಿಡಕೂಡದು. ಮಾಳಿಗೆಯ ಮಣ್ಣು ಇಳಿದು, ಜಂತಿ-ತೊಲೆಗಳನ್ನು ನೀನು ಬಡಿದು ನೋಡುವವರೆಗೆ ಮಕ್ಕಳು ಒಳಗೆ ಮಲಗಕೂಡದು.

ಕಿರಿಯ: ಎರಡೂ ಸರಿ. ಅಡ್ಡಗಲ್ಲಿಗೆ ಬೇಕಾದ ಉದ್ದದ ಕಲ್ಲು ಹಿತ್ತಲ ಗೋಡೆಯಲ್ಲಿಯೇ ಸಿಗುವುದು. ಕೆಲಸ ರೋಹಿಣಿಗೆ ಮುಂಚೆ ಮುಗಿಯಬೇಕು. ನಡುವೆ ಅಕಾಲದ ಮಳೆ ಬಂದರೆ ಹೊದಿಸಲು ತಾಡಪತ್ರಿಗಳನ್ನು ಉಮರಗಾದಿಂದ ಮೊದಲೇ ತಂದಿಡುತ್ತೇನೆ.

ಹಿರಿಯರು: ತಾ. ಗೌಂಡಿಯ ಮನೆಗೆ ಹೋದಾಗ ಅವನ ಮೊಮ್ಮಗನನ್ನೂ ಜೊತೆಗೆ ಕರೆತರಲು ಹೇಳು. ಕೂಲಿ ಇಬ್ಬರಿಗೂ ನಾನು ಕೊಡುತ್ತೇನೆ.